ಮಗಳ ಬ್ಯಾಲೆ, ಮನೆಯವರ ಊಟ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಿಂದ ಓದುಗರೊಬ್ಬರು ಎಂಟು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಕುಂದಾಪುರ ಕಡೆಯ ಕುಟುಂಬ. ಯಜಮಾನರಿಗೆ ಠಾಣೆ ಸ್ಟೇಷನ್ ಹತ್ತಿರ ಸಣ್ಣ ಹೋಟೆಲ್. ಮಗಳಿಗೆ 14, ಒಂಬತ್ತನೇ ಕ್ಲಾಸು. ಆರು ವರ್ಷದಿಂದ ಬ್ಯಾಲೆ ಎಂಬ ಪಾಶ್ಚಾತ್ಯ ನೃತ್ಯ ಕಲಿಯುತ್ತಿದ್ದಾಳೆ. ವಾರಕ್ಕೆ ಐದು ದಿನ ಬಾಂದ್ರಾದಲ್ಲಿ ಕ್ಲಾಸು. ದಾದರ್‌ನಲ್ಲಿ ರೈಲು ಗಾಡಿ ಬದಲಿಸಬೇಕು. ತಾಯಿಯೂ ಜೊತೆಗೆ ಹೋಗಿ ಬರುತ್ತಾರೆ. ಮನೆ ಸೇರುವಾಗ ರಾತ್ರಿ ಹತ್ತು. ಮುಂದಿನ ಬೇಸಿಗೆಗೆ ಯುರೋಪಿನಲ್ಲಿ ಮೂರು ವಾರದ ಕೋರ್ಸಿಗೆ ಕಳಿಸಿ ಅಂತ ಟೀಚರ್ ಹೇಳಿದ್ದಾರೆ. ಅದಕ್ಕೆ ಬಳೆ ಅಡವಿಡಲಾ ಎಂಬ ಯೋಚನೆ. ಭರತನಾಟ್ಯ ಬಿಟ್ಟು ಇದೇಕೆ ಅಂತ ಅತ್ತೆಗೆ ಬೇಸರ. ಹತ್ತು ವರ್ಷದ ಮಗ ಒಂದು ದಿನ, "ನಾನು ಬಿದ್ದರೆ ಯಾರೂ ಕೇಳಲ್ಲ, ಅಕ್ಕನ ಕಾಲು ಉಳುಕಿದರೆ ಎಲ್ಲರೂ ಓಡ್ತೀರಿ" ಅಂದನಂತೆ. ಮಗಳು ಈಚೆಗೆ ಅನ್ನ ಬಿಡುತ್ತಿದ್ದಾಳೆ ಎಂದೂ ಒಂದು ಸಾಲು ಇದೆ. ಕೊನೆಗೆ ಒಂದೇ ಪ್ರಶ್ನೆ: "ನಾವು ಮಾಡುತ್ತಿರುವುದು ಸರಿಯಾ?"

ಆತ್ಮೀಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಒಮ್ಮೆ ಓದಿದೆ, ಮನೆಗೆ ತಂದು ಇನ್ನೊಮ್ಮೆ ಓದಿದೆ. ನನ್ನ ಮಗಳೂ 11ರಿಂದ 17ರ ತನಕ ಬ್ಯಾಲೆ ಕಲಿತವಳು. ಮುಲುಂಡಿನಿಂದ ದಾದರ್‌ಗೆ ಆರು ವರ್ಷ ಅವಳ ಜೊತೆ ಓಡಾಡಿದ್ದೇನೆ. ಹಾಗಾಗಿ ಈ ಉತ್ತರದಲ್ಲಿ ನನ್ನ ಮನೆಯ ಕಥೆಯೂ ಬರುತ್ತದೆ.

ಮೊದಲು ಅದನ್ನೇ ಹೇಳುತ್ತೇನೆ. ಅವಳಿಗೆ 15 ಆಗಿದ್ದಾಗ ಕಣಕಾಲಿನ ಎಲುಬು ನೋಯತೊಡಗಿತ್ತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಒಂದು ಸಂಜೆ ದಾದರ್ ಸೇತುವೆಯ ಮೆಟ್ಟಿಲಲ್ಲಿ ಕೂತುಬಿಟ್ಟಳು. ಹಿಂದಿನಿಂದ ಜನ ನೂಕುತ್ತಿದ್ದಾರೆ, ಇವಳು ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡು ಅಳುತ್ತಿದ್ದಾಳೆ. ಎಂಆರ್‌ಐ ಮಾಡಿಸಿದಾಗ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಎಂಟು ವಾರ ಕುಣಿಯುವಂತಿಲ್ಲ ಎಂದರು ಡಾಕ್ಟರು. ಯಾಕಮ್ಮ ಮೊದಲೇ ಹೇಳಲಿಲ್ಲ ಅಂತ ಆ ರಾತ್ರಿ ಕೇಳಿದೆ. ಅವಳು ಹೇಳಿದ್ದು ಇದು: "ನನಗೋಸ್ಕರ ರಜೆ ಹಾಕಿ ಹಾಕಿ ಪ್ರಮೋಷನ್ ಹೋಯ್ತು ಅಂತ ನೀನು ಅಜ್ಜಿಗೆ ಫೋನಲ್ಲಿ ಹೇಳ್ತಿದ್ದೆ. ಆಮೇಲೆ ಕಾಲು ನೋವು ಅಂತ ನಾನು ಹೇಗೆ ಹೇಳಲಿ?"

ನಾನು ಅಂದು ಫೋನಲ್ಲಿ ಗೊಣಗಿದ್ದು ಒಂದೇ ಸಲ. ಅವಳು ಅದನ್ನು ಎರಡು ತಿಂಗಳು ಎಲುಬಿನಲ್ಲಿ ಇಟ್ಟುಕೊಂಡಿದ್ದಳು.

ನಾವು ಬಿಟ್ಟುಕೊಟ್ಟದ್ದನ್ನೆಲ್ಲ ಮಕ್ಕಳು ಲೆಕ್ಕ ಇಡುತ್ತಾರೆ. ಆ ಲೆಕ್ಕ ಬೆಳೆದಷ್ಟೂ ನೋವಾಗ್ತಿದೆ, ಭಯ ಆಗ್ತಿದೆ, ಬೇಡ ಅನ್ನಿಸ್ತಿದೆ ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ. ಸರಿಯಾ ಅಂತ ಕೇಳಿದಿರಿ. ಮಗಳು ಒಂದು ಸಂಜೆ "ಇವತ್ತು ಆಗಲ್ಲ ಅಮ್ಮ" ಅಂದಾಗ ಮನೆಯಲ್ಲಿ ಯಾರ ಮುಖವೂ ಬಾಡದಿದ್ದರೆ ಸರಿ ಇದೆ. ಬಾಡುತ್ತದೆ ಅನ್ನಿಸಿದರೆ ಕೆಲವನ್ನು ಈಗಲೇ ಬದಲಿಸಿ.

ನಿಮ್ಮ ಎಂಟು ಪುಟದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಅನ್ನದ ಆ ಒಂದು ಸಾಲು. ಯುರೋಪಿನ ಬಗ್ಗೆ ಎರಡು ಪುಟ ಬರೆದಿದ್ದೀರಿ, ಅನ್ನದ ಬಗ್ಗೆ ಒಂದೇ ಸಾಲು. ನಾನು ಅದನ್ನು ತಿರುಗಿಸಿ ಓದಿಕೊಂಡೆ. ದಿನಕ್ಕೆ ಎರಡು ಗಂಟೆ ಗೋಡೆ ತುಂಬ ಕನ್ನಡಿ ಇರುವ ಕೋಣೆಯಲ್ಲಿ, ಮೈಗೆ ಅಂಟಿದ ಬಟ್ಟೆಯಲ್ಲಿ ನಿಲ್ಲುವ ಹುಡುಗಿ ಅವಳು. ಆ ವಯಸ್ಸಿಗೆ ಮೈ ತುಂಬಿಕೊಳ್ಳುವುದು ಸಹಜ. ಕನ್ನಡಿಯಲ್ಲಿ ಅದು ತಪ್ಪಿನಂತೆ ಕಾಣುತ್ತದೆ.

ಮೈ ದುಡಿದಷ್ಟು ಊಟ ಸಿಗದಿದ್ದರೆ ದೇಹ ಒಂದೊಂದೇ ಖರ್ಚು ನಿಲ್ಲಿಸುತ್ತದೆ. ಮುಟ್ಟು ತಪ್ಪುತ್ತದೆ. ಎಲುಬು ಕಟ್ಟುವ ಕೆಲಸ ನಿಧಾನವಾಗುತ್ತದೆ. ಸುಸ್ತು, ಸಿಡುಕು, ಮತ್ತೆ ಮತ್ತೆ ಗಾಯ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ 'ರೆಡ್-ಎಸ್' ಎಂದು ಹೆಸರಿಟ್ಟರು. ಓಟಗಾರರಲ್ಲಿ, ಜಿಮ್ನಾಸ್ಟರಲ್ಲಿ, ಬ್ಯಾಲೆ ಮಕ್ಕಳಲ್ಲಿ ಇದು ಕಾಣುತ್ತದೆ. ಎಲುಬಿನ ಗಟ್ಟಿತನದ ದೊಡ್ಡ ಪಾಲು ಕೂಡಿಬರುವುದು ಹದಿಹರೆಯದಲ್ಲೇ. ನನ್ನ ಮಗಳ ಬಿರುಕಿಗೂ ಡಾಕ್ಟರು ಮೊದಲು ಕೇಳಿದ್ದು ಊಟದ ಬಗ್ಗೆ ಮತ್ತು ಮುಟ್ಟಿನ ಬಗ್ಗೆ. 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ ಅಥವಾ ಶುರುವಾದದ್ದು ಮೂರು ತಿಂಗಳು ನಿಂತರೆ ಡಾಕ್ಟರ ಹತ್ತಿರ ಹೋಗಲೇಬೇಕು. ಬ್ಯಾಲೆ ಮಾಡುವವರಿಗೆಲ್ಲ ಹಾಗೇ ಅಂತ ಯಾರಾದರೂ ಸಮಾಧಾನ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮನೆಯಲ್ಲಿ ತೂಕದ ಮಾತೇ ಬೇಡ. ತೆಳ್ಳಗಾಗಿದ್ದೀಯ ಎಂಬ ಹೊಗಳಿಕೆಯೂ ಬೇಡ. ತಟ್ಟೆ ನೋಡುತ್ತ ಕೂರಬೇಡಿ, ಜೊತೆಗೆ ಕೂತು ಉಣ್ಣಿ. ಕ್ಲಾಸಿಗೆ ಹೋಗುವ ಮೊದಲು ಗಾಡಿಯಲ್ಲಿ ತಿನ್ನಲು ಬಾಳೆಹಣ್ಣು, ಶೇಂಗಾ ಚಿಕ್ಕಿ, ಒಂದು ಬೇಯಿಸಿದ ಮೊಟ್ಟೆ. ರಾತ್ರಿ ಕುಚ್ಚಲಕ್ಕಿ ಗಂಜಿ, ಮೀನು ಸಾರು. ಬೆಳಿಗ್ಗೆ ರಾಗಿ ಅಂಬಲಿಯೋ ರಾಗಿ ದೋಸೆಯೋ ಇರಲಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಇದೆಲ್ಲ ನಿಮ್ಮ ಅಡುಗೆಮನೆಯಲ್ಲಿ ಇರುವಂಥದ್ದೇ. ಹಾಗೆ ಮಾಡಿಯೂ ಒಂದೆರಡು ವಾರದಲ್ಲಿ ಅವಳು ಅನ್ನ ಬಿಡುವುದು ನಿಲ್ಲದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಕ್ಲಾಸಿನಲ್ಲಿ ಯಾರಾದರೂ ಎಲ್ಲರೆದುರು ಅವಳ ಮೈಯ ಬಗ್ಗೆ ಮಾತಾಡಿದ್ದು ಗೊತ್ತಾದರೆ, ಆ ಟೀಚರ್ ಎಷ್ಟೇ ದೊಡ್ಡವರಿರಲಿ, ಕ್ಲಾಸು ಬದಲಿಸಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಇನ್ನು ನಿಮ್ಮ ಮಗ. ಅವನು ಹೇಳಿದ ಮಾತನ್ನು ನೀವು ಹೊಟ್ಟೆಕಿಚ್ಚು ಎಂದು ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಅವನು ಶಾಲೆಯಿಂದ ಬರುವ ಹೊತ್ತಿಗೆ ನೀವು ಮತ್ತು ಅಕ್ಕ ಸ್ಟೇಷನ್ ಸೇರಿರುತ್ತೀರಿ. ಅಪ್ಪ ಹೋಟೆಲಲ್ಲಿ. ನೀವು ಮರಳಿ ಬರುವಾಗ ಅವನಿಗೆ ನಿದ್ದೆ. ಅಂದರೆ ಸೋಮವಾರದಿಂದ ಶುಕ್ರವಾರದ ತನಕ ಅವನಿಗೆ ಅಮ್ಮ ಸಿಗುವುದು ಬೆಳಿಗ್ಗೆ ಡಬ್ಬಿ ಕಟ್ಟುವಾಗ ಮಾತ್ರ, ಅಲ್ವಾ?

ನಿಮ್ಮ ವಿಳಾಸ, ಹೋಟೆಲಿನ ಜಾಗ, ಕ್ಲಾಸಿನ ಜಾಗ ಮೂರನ್ನೂ ಇಟ್ಟುಕೊಂಡು ನಾನೊಂದು ಯೋಚನೆ ಮಾಡಿದೆ. ದಾದರ್‌ನಿಂದ ಡೊಂಬಿವಲಿಗೆ ಬರುವ ಫಾಸ್ಟ್ ಗಾಡಿ ಠಾಣೆಯಲ್ಲಿ ನಿಲ್ಲುತ್ತದೆ. ವಾರದಲ್ಲಿ ಎರಡು ದಿನ ನೀವು ಹೋಗಬೇಡಿ. ಅವಳ ಕ್ಲಾಸಿನಲ್ಲಿ ಮುಲುಂಡ್, ಠಾಣೆ ಕಡೆಯ ಹುಡುಗಿಯರು ಇದ್ದಾರೆ ಎಂದಿದ್ದೀರಿ, ಅವರ ಜೊತೆ ಲೇಡೀಸ್ ಡಬ್ಬದಲ್ಲಿ ಬಂದು ಠಾಣೆಯಲ್ಲಿ ಇಳಿಯಲಿ. ಯಜಮಾನರು ಪ್ಲಾಟ್‌ಫಾರ್ಮಿಗೇ ಬರಲಿ. ಹೋಟೆಲಿನಲ್ಲಿ ಒಂದು ಮೂಲೆ ಮೇಜಿನಲ್ಲಿ ಅಪ್ಪ ಮಗಳು ಕೂತು ಬಿಸಿಬಿಸಿ ಊಟ ಮಾಡಲಿ. ಆಮೇಲೆ ಗಲ್ಲಾ ಹುಡುಗರಿಗೆ ಒಪ್ಪಿಸಿ ಇಬ್ಬರೂ ಮನೆಗೆ ಬರಲಿ. ನೀವು ಆ ಎರಡು ಸಂಜೆ ಮಗನ ಜೊತೆ ಇರಿ. ಅವನಿಗೆ ಕ್ರಿಕೆಟ್ಟೋ ಚಿತ್ರವೋ ಏನಾದರೂ ಕಲಿಸಿ ಸಮ ಮಾಡಬೇಕು ಅಂತ ಓಡಬೇಡಿ. ಸುಮ್ನೆ ಮನೆಯಲ್ಲಿರಿ.

ಇದರಿಂದ ಇನ್ನೊಂದು ಉಪಕಾರವೂ ಆಗುತ್ತದೆ. ನೀವು ಪ್ರತಿ ದಿನ ಗಾಡಿ ಹತ್ತಿದ ಕೂಡಲೇ "ಇವತ್ತು ಟೀಚರ್ ಏನಂದ್ರು" ಅಂತ ಕೇಳುತ್ತೀರಿ ಎಂದು ಬರೆದಿದ್ದೀರಿ. ನಾನೂ ಕೇಳುತ್ತಿದ್ದೆ. ಎರಡು ಗಂಟೆ ಕಾಲು ಎತ್ತು, ಬೆನ್ನು ನೆಟ್ಟಗೆ, ಮಂಡಿ ಹೊರಗೆ ಅಂತ ಹೇಳಿಸಿಕೊಂಡು ಬಂದವಳಿಗೆ ಗಾಡಿಯಲ್ಲೂ ಅದೇ ಪರೀಕ್ಷೆ. ಅಪ್ಪನಿಗೆ ಬ್ಯಾಲೆಯ ಎಬಿಸಿ ಗೊತ್ತಿಲ್ಲ ಎಂದಿದ್ದೀರಿ. ವಾರಕ್ಕೆ ಎರಡು ರಾತ್ರಿ ಆ ಗೊತ್ತಿಲ್ಲದಿರುವಿಕೆ ಅವಳಿಗೆ ತುಂಬ ಒಳ್ಳೆಯದು.

ಅತ್ತೆಯವರ ಬಗ್ಗೆ. ಅವರದು ಹಟ ಅಂತ ನನಗೆ ಅನ್ನಿಸುವುದಿಲ್ಲ. ಮಾಟುಂಗಾ, ಚೆಂಬೂರಿನಲ್ಲಿ ಒಳ್ಳೊಳ್ಳೆ ಭರತನಾಟ್ಯ ಗುರುಗಳಿರುವಾಗ ಬಾಂದ್ರಾಕ್ಕೆ ಹೋಗಿ ಫ್ರೆಂಚ್ ಹೆಸರಿನ ಹೆಜ್ಜೆ ಕಲಿಯುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆ ಹೆಸರುಗಳಿಗೆ ಕಾರಣವಿದೆ. 1661ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಪ್ಯಾರಿಸ್ಸಿನಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಕಟ್ಟಿದ. ಅಲ್ಲಿಂದ ಬಂದ ಹೆಸರುಗಳು ಇಂದಿಗೂ ಎಲ್ಲ ದೇಶದ ಕ್ಲಾಸುಗಳಲ್ಲಿ ಹಾಗೇ ನಡೆಯುತ್ತಿವೆ. ಆದರೆ ಇತಿಹಾಸ ಹೇಳಿ ಅವರನ್ನು ಒಪ್ಪಿಸಲು ಹೋಗಬೇಡಿ. ಮಗಳ ಹತ್ತಿರ ಒಮ್ಮೆ ಅಜ್ಜಿಯ ಮುಂದೆ ನಿಧಾನವಾಗಿ ಪ್ಲಿಯೇ, ಅಂದರೆ ಮಂಡಿ ಮಡಚಿ ತಗ್ಗುವುದನ್ನು, ಮಾಡಿ ತೋರಿಸಲು ಹೇಳಿ. ಪಾದ ಹೊರಗೆ, ಮಂಡಿ ಹೊರಗೆ, ಬೆನ್ನು ನೆಟ್ಟಗೆ. ಭರತನಾಟ್ಯದ ಅರಮಂಡಿ ನೋಡಿದವರಿಗೆ ಅದು ಪರಕೀಯ ಅನ್ನಿಸುವುದಿಲ್ಲ. ಹುಡುಗಿಯಾಗಿದ್ದಾಗ ಅವರು ಗದ್ದೆಯಲ್ಲಿ ಕೂತು ಇಡೀ ರಾತ್ರಿ ಯಕ್ಷಗಾನ ಆಟ ನೋಡುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಬಡಗುತಿಟ್ಟಿನ ವೇಷಧಾರಿಗಳು ಮಂಡಿ ಹಾಕಿ ರಂಗದ ತುಂಬ ತಿರುಗುವುದನ್ನು ಅವರ ಬಾಯಿಂದಲೇ ಮೊಮ್ಮಗಳು ಕೇಳಲಿ. ನಮ್ಮ ಮನೆಯಲ್ಲಿ ಹೀಗೇ ಶುರುವಾದ ಮಾತು ರಾತ್ರಿ ಹನ್ನೆರಡರ ತನಕ ನಡೆದಿತ್ತು.

ಈಗ ಬಳೆ. ಈ ವರ್ಷ ಅಡವಿಡಬೇಡಿ.

ಕನಸಿಗೆ ಕಲ್ಲು ಹಾಕುತ್ತಿಲ್ಲ. ದಾರಿ ಹೇಗಿದೆ ಎಂದು ಹೇಳುತ್ತೇನೆ. ಮಗಳು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನ ಇಂಟರ್ಮೀಡಿಯೆಟ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ ಎಂದಿದ್ದೀರಿ. ಅದಕ್ಕೆ ಕೂರಲು ಕನಿಷ್ಠ ವಯಸ್ಸು 12, ಅದರ ಮೇಲಿನ ಅಡ್ವಾನ್ಸ್ಡ್ ಫೌಂಡೇಶನ್‌ಗೆ 13, ಅಡ್ವಾನ್ಸ್ಡ್ 1ಕ್ಕೆ 14. ಅವಳು ತೀರಾ ಹಿಂದೆ ಏನೂ ಇಲ್ಲ. ಆದರೆ ಸ್ವಿಟ್ಜರ್ಲೆಂಡಿನಲ್ಲಿ 1973ರಿಂದ ನಡೆಯುವ ಪ್ರಿ ದ ಲೊಸಾನ್ ಸ್ಪರ್ಧೆಗೆ ಬರುವವರು 15ರಿಂದ 18ರ ಮಕ್ಕಳು, ಅವರಲ್ಲಿ ಹಲವರು ಚಿಕ್ಕಂದಿನಿಂದ ದಿನವಿಡೀ ಬ್ಯಾಲೆ ಶಾಲೆಯಲ್ಲೇ ಇದ್ದವರು. ಪ್ಯಾರಿಸ್, ಲಂಡನ್‌ನಲ್ಲಿರುವಂಥ ದೊಡ್ಡ ಬ್ಯಾಲೆ ಕಂಪನಿ ನಮ್ಮಲ್ಲಿ ಇಲ್ಲ. ಪ್ಯಾರಿಸ್ ಒಪೆರಾದಲ್ಲಿ ನರ್ತಕರು 42ಕ್ಕೆ ನಿವೃತ್ತರಾಗುತ್ತಾರೆ.

ನೀವು ಅಮಿರುದ್ದೀನ್ ಶಾ ಹೆಸರು ಬರೆದಿದ್ದೀರಿ. ವೆಲ್ಡರ್ ಒಬ್ಬರ ಮಗ, ನಮ್ಮ ಮುಂಬಯಿಯಲ್ಲಿ ಯೆಹೂದಾ ಮಾವೋರ್ ಎಂಬ ಗುರುವಿನ ಕೈಯಲ್ಲಿ ಕಲಿತು 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್ ಸೇರಿದ. ದೆಹಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ 17ಕ್ಕೆ ಶುರುಮಾಡಿ 2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಹೋದ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇಬ್ಬರೂ ಹುಡುಗರು. ಬ್ಯಾಲೆಗೆ ಬರುವ ಹುಡುಗರು ಕಡಿಮೆ, ಹುಡುಗಿಯರ ಸಾಲು ಬಹಳ ಉದ್ದ. ಇಬ್ಬರಿಗೂ ಹೊರಗಿನವರು ದುಡ್ಡಿಗೆ ನಿಂತರು.

ಟೀಚರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಐದು ವರ್ಷದ ಹಿಂದೆ ನಿಮ್ಮಲ್ಲಿ 14ರಲ್ಲಿದ್ದ ಹುಡುಗಿಯರು ಈಗ ಎಲ್ಲಿದ್ದಾರೆ? ಒಳ್ಳೆಯ ಟೀಚರ್ ಕೂತು ಒಬ್ಬೊಬ್ಬರ ಹೆಸರು ಹೇಳುತ್ತಾರೆ. ಇಂಥ ಕೋರ್ಸುಗಳಿಗೆ ಈಗ ವಿಡಿಯೊ ಕಳಿಸಿಯೂ ಆಯ್ಕೆಯಾಗಬಹುದು. ಈ ವರ್ಷ ವಿಡಿಯೊ ಕಳಿಸಿ, ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿ. ಅಲ್ಲಿನವರು ಏನು ಹೇಳುತ್ತಾರೆ ನೋಡಿ. ಅಡವಿಟ್ಟು ಕಳಿಸಿದರೆ ಆ ಮೂರು ವಾರ ಅವಳು ಕುಣಿಯುವುದು ನಿಮ್ಮ ಬಳೆಯ ಮೇಲೆ. ಕಾಲು ನೋಯುತ್ತಿದೆ ಎಂದು ಅಲ್ಲಿಂದ ಫೋನ್ ಮಾಡುತ್ತಾಳಾ?

ಇನ್ನು, ಶಾಲೆ ಬಿಡಿಸಿ ಎನ್‌ಐಒಎಸ್‌ಗೆ, ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ರಾಷ್ಟ್ರೀಯ ಮುಕ್ತ ಶಾಲೆಗೆ, ಹಾಕುವ ಮಾತು. 14 ತುಂಬಿದ ಮಕ್ಕಳು ಅಲ್ಲಿ ಹತ್ತನೇ ಕ್ಲಾಸಿಗೆ ಸೇರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಮುಗಿಸಲು ಐದು ವರ್ಷ ಕಾಲ. ಸರ್ಟಿಫಿಕೇಟ್ ಕಾಲೇಜುಗಳಲ್ಲಿ ನಡೆಯುತ್ತದೆ. ಅದರಲ್ಲಿ ತೊಂದರೆ ಇಲ್ಲ. ಆದರೆ ಅವಳ ಗೆಳತಿಯರೆಲ್ಲ ಶಾಲೆಯಲ್ಲೇ ಇದ್ದಾರೆ. ಅದೂ ಹೋದರೆ ಅವಳಿಗೆ ಉಳಿಯುವುದು ಕನ್ನಡಿಯ ಕೋಣೆ ಮಾತ್ರ. ಹತ್ತನೇ ಕ್ಲಾಸು ಇದೇ ಶಾಲೆಯಲ್ಲಿ ಮುಗಿಯಲಿ, ಆಮೇಲೆ ಅವಳನ್ನೇ ಕೇಳಿ.

ನನ್ನ ಮಗಳು 17ಕ್ಕೆ ಬಿಟ್ಟಳು. ಬಿಡುತ್ತೇನೆ ಎಂದು ಹೇಳಿದ್ದು ಅಡುಗೆಮನೆಯಲ್ಲಿ, ನಾನು ದೋಸೆ ಹುಯ್ಯುತ್ತಿದ್ದಾಗ. ಸರಿ ಎಂದೆ. ಅವತ್ತು ಅಳಲಿಲ್ಲ, ಒಂದು ವಾರ ಬಿಟ್ಟು ಅವಳ ಹಳೇ ಬೂಟು ಕಂಡಾಗ ಅತ್ತೆ. ಈಗ ಫಿಸಿಯೋಥೆರಪಿ ಓದುತ್ತಿದ್ದಾಳೆ. ನಿಮ್ಮ ಮಗಳು ಬಿಡುತ್ತಾಳೆ ಎಂದು ಹೇಳುತ್ತಿಲ್ಲ. ಅವಳು ಮುಂದೆ ಹೋಗಲಿ ಎಂಬುದೇ ನನ್ನ ಆಸೆ.

ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಬೂಟಿನ ರಿಬ್ಬನ್ ಪದೇ ಪದೇ ಕಿತ್ತು ಬರುತ್ತದೆ, ಯಾವ ದಾರ ಹಾಕಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಹೊಲಿಗೆ ದಾರ ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ, ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ ತನ್ನಿ, ದಪ್ಪ ಸೂಜಿಗೆ ಹಾಕಿ. ಒಳಗಿನ ಬಟ್ಟೆಗೆ ಮಾತ್ರ ಹೊಲಿಯಬೇಕು, ಬೂಟಿನ ಬಾಯಿಯ ಸುತ್ತ ಇರುವ ಲಾಡಿ ಸೂಜಿಗೆ ಸಿಗಬಾರದು. ಮಳೆಗಾಲದಲ್ಲಿ ಬೂಟನ್ನು ಚೀಲದಲ್ಲಿ ಬಿಡಬೇಡಿ. ಬೆರಳು ಕೂರುವ ಮುಂಭಾಗದ ಗಟ್ಟಿ ಪೆಟ್ಟಿಗೆ ಬಟ್ಟೆ, ಕಾಗದ, ಅಂಟಿನಿಂದ ಮಾಡಿದ್ದು, ಬೆವರಿಗೆ ಮೆತ್ತಗಾಗುತ್ತದೆ. ಬಂದ ಕೂಡಲೇ ಫ್ಯಾನಿನ ಕೆಳಗೆ ಬಿಚ್ಚಿಡಿ. ಹೊರದೇಶದಿಂದ ತರಿಸುವ ಒಂದು ಜೋಡಿಗೆ ಸಾವಿರಾರು ರೂಪಾಯಿ, ಒಣಗಿಸಿದರೆ ಇನ್ನೂ ಕೆಲವು ದಿನ ಬರುತ್ತದೆ.

ಮತ್ತೆ, ರಿಬ್ಬನ್ ನೀವು ಹೊಲಿಯುವುದನ್ನು ಬಿಡಿ. 14 ಆಯಿತಲ್ಲ, ಭಾನುವಾರ ಮಧ್ಯಾಹ್ನ ಅವಳೇ ಕೂತು ಹೊಲಿಯಲಿ. ಮೊದಲ ಎರಡು ಜೋಡಿ ವಕ್ರವಾಗುತ್ತವೆ.