ಹುಣ್ಣಿಮೆಗೆ ಮುತ್ತು ಕಟ್ಟಿಸೋಣ ಅಂತಾರೆ, ಏನು ಮಾಡಲಿ ಅಕ್ಕಾ?

ಪತ್ರ: ಅಕ್ಕಾ, ನಮ್ಮದು ಗಂಗಾವತಿ ಹತ್ತಿರ ಒಂದು ಹಳ್ಳಿ. ಮನೆಯವರು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದೊಡ್ಡ ಮಗಳಿಗೆ ವರ ನೋಡುತ್ತಿದ್ದೇವೆ. ಮಗನಿಗೆ 15 ವರ್ಷ, ಒಂಬತ್ತನೇ ಕ್ಲಾಸು. ಸಣ್ಣವನಿದ್ದಾಗಿಂದ ಅಕ್ಕನ ವೇಲ್ ತಲೆಗೆ ಸುತ್ತಿಕೊಂಡು ಕುಣಿಯುತ್ತಿದ್ದ, ನಾವೂ ನಗುತ್ತಿದ್ದೆವು. ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ‘ಯವ್ವಾ, ನಾ ಹುಡುಗ ಅಲ್ಲಬೇ, ಹುಡುಗಿ ಅದೀನಿ’ ಅಂದ. ಅವತ್ತಿಂದ ಅವರ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಕಾಕಾ ಬಂದು ಹಿಡಿದು ಕೂರಿಸಿ ಕೂದಲು ಕತ್ತರಿಸಿದ. ಯಾರೋ ಇಂಜೆಕ್ಷನ್ ಕೊಟ್ಟರೆ ಸರಿ ಹೋಗ್ತದೆ ಅಂತಾರೆ. ನಮ್ಮತ್ತೆ ಮಾತ್ರ ‘ಇದು ಹುಲಿಗೆಮ್ಮನ ಕಾಟ, ಬರೋ ಹುಣ್ಣಿಮೆಗೆ ಹುಲಿಗಿಗೆ ಕರಕೊಂಡು ಹೋಗಿ ಮುತ್ತು ಕಟ್ಟಿಸಿ ದೇವಿಗೆ ಬಿಡೋಣ, ಮಂಜಮ್ಮ ಜೋಗತಿಗ ಪದ್ಮಶ್ರೀ ಬಂದಿಲ್ಲೇನು’ ಅಂತಿದ್ದಾರೆ. ಶಾಲೆಗೂ ಸರಿಯಾಗಿ ಹೋಗುತ್ತಿಲ್ಲ. ಹೋದರೂ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ. ಸಣ್ಣವನಿದ್ದಾಗ ಜಡೆ ಹಾಕಿ, ಲಂಗ ಉಡಿಸಿ ಫೋಟೊ ತೆಗೆಸಿದ್ದೆ. ಅದಕ್ಕೇ ಹೀಗಾಯಿತಾ? ನಾಳೆ ಅವನ ಮನಸ್ಸು ಬದಲಾದರೆ? ಮಗಳ ಮದುವೆ ಗತಿ ಏನು?

ಉತ್ತರ: ತಂಗಿ, ಹುಣ್ಣಿಮೆ ಹತ್ತಿರ ಇದೆ, ಅದಕ್ಕೆ ಮೊದಲು ಆ ವಿಷಯ. ಮುತ್ತು ಕಟ್ಟಿಸಬೇಡಿ.

ಹುಲಿಗಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮನೆಮಂದಿಯೆಲ್ಲ ಹೋಗಿ, ಹೊಳೆಯಲ್ಲಿ ಮಿಂದು, ಕಾಯಿ ಒಡೆಸಿಕೊಂಡು ಬನ್ನಿ. ಮಗುವನ್ನೂ ಕರೆದುಕೊಂಡು ಹೋಗಿ. ಆದರೆ ದರ್ಶನ ಬೇರೆ, ಮುತ್ತು ಬೇರೆ. ಅದು ಕೊರಳಿಗೆ ಬಿದ್ದ ಮೇಲೆ ಏನಾಗುತ್ತದೆ ಅನ್ನೋದು ನಿಮ್ಮ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಮಂಗಳವಾರ, ಶುಕ್ರವಾರ ಪಡಲಗಿ (ದೇವಿಯ ಬುಟ್ಟಿ) ಹೊತ್ತು ಮನೆಮನೆಗೆ ಜೋಗಕ್ಕೆ, ಅಂದರೆ ದೇವಿಯ ಹೆಸರಲ್ಲಿ ಭಿಕ್ಷೆಗೆ ಹೋಗಬೇಕು. ಜನ ಕಾಲಿಗೆ ಬೀಳುತ್ತಾರೆ ನಿಜ, ಆದರೆ ಅಂಗಳದಲ್ಲೇ ನಿಲ್ಲಿಸಿ ಕಾಲಿಗೆ ಬೀಳುತ್ತಾರೆ. ಒಂಬತ್ತನೇ ಕ್ಲಾಸಿನ ಪುಸ್ತಕ ಅಲ್ಲಿಗೆ ಮುಚ್ಚಿದ ಹಾಗೆ. ನಿಮ್ಮ ಮಗು ರಾತ್ರಿ ನಿಮ್ಮ ಹತ್ತಿರ ಬಂದು ಹೇಳಿದ್ದು ‘ನಾನು ಹುಡುಗಿ’ ಅಂತ. ‘ನನ್ನನ್ನು ದೇವರಿಗೆ ಬಿಡಿ’ ಅಂತ ಕೇಳಲಿಲ್ಲ, ಅಲ್ವಾ?

ಅತ್ತೆಯವರನ್ನು ನಾನು ಬೈಯಲ್ಲ. ನೋಡಿದರೆ, ಮಗುವನ್ನು ಹೊಡೆಯದೆ, ಹುಚ್ಚು ಅನ್ನದೆ, ತಮಗೆ ಗೊತ್ತಿರುವ ಒಂದು ಮರ್ಯಾದೆಯ ಜಾಗ ಹುಡುಕಿದವರು ಆ ಮನೆಯಲ್ಲಿ ಅವರೊಬ್ಬರೇ. ಆದರೆ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿಯವರ ಕಥೆಯನ್ನು ಅವರು ಕೊನೆಯಿಂದ ಓದುತ್ತಿದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಆಕೆ ಚಿಕ್ಕ ವಯಸ್ಸಿನಲ್ಲೇ ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಜೀವವೇ ಬೇಡ ಅನ್ನುವಷ್ಟು ನೊಂದು, ಕಾಳವ್ವ ಜೋಗತಿಯವರ ಹತ್ತಿರ ಕುಣಿತ ಕಲಿತವರು. ಜಾನಪದ ಅಕಾಡೆಮಿಯ ಅಧ್ಯಕ್ಷತೆ ಬಂದಿದ್ದು 2019ರಲ್ಲಿ, ಪದ್ಮಶ್ರೀ 2021ರಲ್ಲಿ. ನಡುವಿನ ವರ್ಷಗಳನ್ನು ಅತ್ತೆಯವರು ಲೆಕ್ಕಕ್ಕೇ ಹಿಡಿದಿಲ್ಲ. ಮುತ್ತು ಕಟ್ಟಿಸಿಕೊಂಡವರಿಗೆಲ್ಲ ಪದ್ಮಶ್ರೀ ಬರೋದಿಲ್ಲ. ಮುಂದೆ ನಿಮ್ಮ ಮಗು ದೊಡ್ಡವಳಾಗಿ, ತಾನೇ ಅಮ್ಮನ ಸೇವೆಗೆ ಹೋಗ್ತೀನಿ ಅಂದರೆ ಅದು ಅವಳಿಷ್ಟ. 15ಕ್ಕೆ ಬೇರೆಯವರು ತೀರ್ಮಾನ ಮಾಡುವ ವಿಷಯ ಅಲ್ಲ.

‘ನಾಳೆ ಮನಸ್ಸು ಬದಲಾದರೆ’ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಬದಲಾಗುತ್ತೋ ಇಲ್ಲವೋ ನಾನು ಇಲ್ಲಿ ಕೂತು ಹೇಳಲಾರೆ. ಅದಕ್ಕೇ ಈಗ ಯಾರು ಏನು ಸಲಹೆ ಕೊಟ್ಟರೂ ಒಂದೇ ಮಾತು ಕೇಳಿ: ಇದನ್ನು ನಾಳೆ ವಾಪಸ್ ತೆಗೆದುಕೊಳ್ಳೋಕೆ ಆಗುತ್ತಾ? ಕೂದಲು ಬಿಟ್ಟರೆ ಬೇಕಾದಾಗ ಕತ್ತರಿಸಬಹುದು. ಮನೆಯೊಳಗೆ ಅವಳು ಕೇಳಿದ ಹೆಸರಲ್ಲಿ ಕರೆದರೆ, ನಾಳೆ ಬೇಡ ಅಂದರೆ ಬಿಡಬಹುದು. ಚೂಡಿದಾರ ಹಾಕಿದರೆ ಬಿಚ್ಚಿಡಬಹುದು. ಇವುಗಳಿಂದ ಯಾರಿಗೂ ಏನೂ ನಷ್ಟವಿಲ್ಲ. ಮುತ್ತು, ಬಿಟ್ಟ ಶಾಲೆ, ಬಿಟ್ಟುಹೋದ ಮನೆ ಹಾಗಲ್ಲ. ‘ವಯಸ್ಸಾದ ಕೂಡಲೇ ಮದುವೆ ಮಾಡಿ, ಸರಿ ಹೋಗ್ತಾನೆ’ ಅನ್ನೋ ಮಾತೂ ಬೇಗ ಬರುತ್ತದೆ ನೋಡಿ. ಅದರಲ್ಲಿ ಹಾಳಾಗೋದು ಇನ್ನೊಂದು ಹುಡುಗಿಯ ಬಾಳು ಕೂಡ.

ಇಂಜೆಕ್ಷನ್ ಅಂತ ಹೇಳಿದವರನ್ನು ಹೊಸ್ತಿಲೊಳಗೆ ಬಿಡಬೇಡಿ. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ‘ಸರಿ ಮಾಡ್ತೀವಿ’ ಅಂತ ಚಿಕಿತ್ಸೆ ಕೊಡುವುದು ವೈದ್ಯ ವೃತ್ತಿಗೆ ತಕ್ಕದ್ದಲ್ಲ, ಅದು ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹಾಗೇ ಇನ್ನೊಂದು ಕಡೆಯೂ ಕಣ್ಣಿಡಿ. ಯಾರದೋ ಮಾತು ಕೇಳಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗುವ ಮಕ್ಕಳಿದ್ದಾರೆ, ಎದೆ ಬೆಳೆಯಲಿ ಅಂತ. ಬೈದರೆ ಬಚ್ಚಿಟ್ಟು ನುಂಗುತ್ತಾರೆ. ‘ಅಂಥದ್ದೇನಾದರೂ ಬೇಕು ಅನಿಸಿದರೆ ನನಗೆ ಹೇಳು, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ’ ಅನ್ನಿ. ಕೊಪ್ಪಳದ ಕಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಮೂರೂ ಸರ್ಕಾರಿ ಕಾಲೇಜು ಆಸ್ಪತ್ರೆಗಳು. ಅಲ್ಲಿನ ಮನೋವೈದ್ಯರನ್ನು ಕಾಣಿ. ಮಗುವನ್ನು ಬದಲಾಯಿಸಿ ಅಂತ ಕೇಳಲಿಕ್ಕಲ್ಲ, ಅವಳ ಭಯ, ನಿಮ್ಮ ಭಯ ಎರಡನ್ನೂ ಬಾಯಿಬಿಟ್ಟು ಹೇಳಿಕೊಳ್ಳಲಿಕ್ಕೆ. ಅಷ್ಟು ದೂರ ಹೋಗೋಕೆ ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಹೊತ್ತಲ್ಲೂ ಸಿಗುತ್ತಾರೆ. ‘ನಾನಿದ್ದು ಏನು ಮಾಡಲಿ’ ಅನ್ನೋ ಥರದ ಮಾತು ಅವಳ ಬಾಯಲ್ಲಿ ಬಂದರಂತೂ ಅವತ್ತೇ ಮಾಡಿ.

ಈಗ ನೀರಿನ ಬಾಟಲಿಗೆ ಬರೋಣ. ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಜಾಸ್ತಿ ಕಾಡಿದ್ದು ಅದೇ. ಗಂಗಾವತಿ ಬಿಸಿಲಲ್ಲಿ ಒಂದು ಮಗು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಕೂರುತ್ತದೆ ಅಂದರೆ ಬಾಯಾರಿಕೆ ಇಲ್ಲ ಅಂತಲ್ಲ. ಹುಡುಗರ ಶೌಚಾಲಯಕ್ಕೆ ಹೋಗಲು ಹೆದರಿಕೆ. ಅಲ್ಲಿ ಯಾರೋ ಏನೋ ಮಾಡುತ್ತಿರಬಹುದು: ಬಾಗಿಲು ಬಡಿಯೋದು, ಇಣುಕೋದು, ಚಡ್ಡಿ ಎಳೆಯೋದು. ಇಂಥ ಎಷ್ಟೋ ಮಕ್ಕಳು ಶಾಲೆ ಬಿಡೋದು ಪಾಠ ತಲೆಗೆ ಹತ್ತದೆ ಅಲ್ಲ, ಮೂತ್ರಕ್ಕೆ ಹೋಗೋಕೆ ಜಾಗ ಇಲ್ಲದೆ. ‘ಶಾಲೆಗೆ ಯಾಕೆ ಹೋಗಲ್ಲ’ ಅಂತ ಕೇಳಬೇಡಿ, ‘ನೀರು ಯಾಕೆ ಕುಡಿಯಲ್ಲ’ ಅಂತ ಕೇಳಿ. ಉತ್ತರ ಬಂದ ಮೇಲೆ ಮುಖ್ಯ ಗುರುಗಳನ್ನು ಒಬ್ಬರೇ ಇರುವಾಗ ಕಾಣಿ. ದೊಡ್ಡ ಕಥೆ ಹೇಳುವುದು ಬೇಡ. ಶಿಕ್ಷಕರ ಶೌಚಾಲಯ ಬಳಸೋಕೆ ಬಿಡಿ, ಸತಾಯಿಸುವ ಹುಡುಗರನ್ನು ವಿಚಾರಿಸಿ. ಇಷ್ಟೇ ಕೇಳಿ. ಒಪ್ಪದಿದ್ದರೆ, ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣೆಗೆ 2019ರಲ್ಲಿ ಕಾಯ್ದೆ ಬಂದಿದೆ, ಶಾಲೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅಂತ ನೆನಪಿಸಿ. ಅದೂ ಸಾಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಶಾಲೆ ಬಗ್ಗೆ ಇಷ್ಟು ಹಟ ಯಾಕೆ ಅಂದರೆ, ಅವಳ ಕೈಗೆ ಸಿಗುವ ಒಂದೇ ಆಸರೆ ಅದು. ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಾತಿಯನ್ನು 2021ರಲ್ಲಿ ಕೊಟ್ಟಿದ್ದು ನಮ್ಮ ರಾಜ್ಯವೇ, ದೇಶದಲ್ಲಿ ಮೊದಲು. 2022ರ ಶಿಕ್ಷಕರ ನೇಮಕಾತಿಯಲ್ಲಿ ಹಾಗೆ ಆಯ್ಕೆಯಾದವರಲ್ಲಿ ನಿಮ್ಮ ಪಕ್ಕದ ರಾಯಚೂರು ಜಿಲ್ಲೆಯವರೂ ಒಬ್ಬರಿದ್ದರು. ಎಸ್ಸೆಸ್ಸೆಲ್ಸಿ ಇಲ್ಲದಿದ್ದರೆ ಆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ.

ಜಡೆ ಹಾಕಿದ ಫೋಟೊ ವಿಷಯ. ನಗು ಬಂತು ಕಣ್ರೀ. ನಿಮ್ಮ ಓಣಿಯ ಅರ್ಧ ಮನೆಗಳ ಗೋಡೆಯಲ್ಲಿ ಅಂಥ ಫೋಟೊ ಇರುತ್ತದೆ, ಕಾಕಾನದೂ ಒಂದಿದ್ದರೆ ಆಶ್ಚರ್ಯವಿಲ್ಲ. ನಿಮ್ಮಿಂದ ಆಗಿದ್ದಲ್ಲ ಇದು.

ಕಾಕಾಗೆ ಹೇಳಬೇಕಾದ್ದು ಒಂದೇ: ಈ ಮಗುವಿನ ಮೈ ಮುಟ್ಟಬೇಡ. ಅದನ್ನು ನೀವು ಹೇಳೋದಕ್ಕಿಂತ ಮನೆಯವರು ಹೇಳಿದರೆ ನಾಟುತ್ತದೆ. ಆದರೆ ಅವರೇ ಮಾತು ಬಿಟ್ಟಿದ್ದಾರೆ ಅಂತೀರಿ. ದಿನವಿಡೀ ಮೂಟೆ ಹೊತ್ತು, ಮಿಲ್ಲಿನಲ್ಲಿ ನಾಲ್ಕು ಜನರ ಮಾತೂ ಹೊತ್ತು ಬರುವ ಮನುಷ್ಯ. ಒಪ್ಪಿಕೊಳ್ಳಿ ಅಂತ ಈಗಲೇ ಒತ್ತಾಯ ಮಾಡಬೇಡಿ. ರಾತ್ರಿ ಊಟಕ್ಕೆ ಎಲ್ಲರ ತಾಟು ಒಟ್ಟಿಗೆ ಹಾಕಿ. ಮಾತಾಡದಿದ್ದರೂ ಪಕ್ಕ ಕೂತು ಉಣ್ಣಲಿ. ‘ಹಿಜಡಾಗಳು ಕರಕೊಂಡು ಹೋಗ್ತಾರೆ’ ಅಂತ ಊರಲ್ಲಿ ಹೆದರಿಸುವವರಿರುತ್ತಾರೆ. ಮಗು ಹೊರಡುವುದು ಯಾರೋ ಕರೆದರು ಅಂತಲ್ಲ, ಮನೆಯಲ್ಲಿ ತಾಟು ಇಡದೆ ಹೋದಾಗ.

ಕೊನೆಗೆ ಮಗಳ ಮದುವೆ. ಒಂದೆರಡು ಸಂಬಂಧ ತಪ್ಪಬಹುದು, ಇಲ್ಲ ಅಂತ ಸುಳ್ಳು ಹೇಳಲ್ಲ. ಬಚ್ಚಿಟ್ಟು ಮದುವೆ ಮಾಡಿದರೆ ಆಮೇಲೆ ಅವಳೇ ಅತ್ತೆಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಬಂದವರಿಗೆ ಏನು ಹೇಳೋದು ಅಂತ ನೀವು, ಅತ್ತೆ, ಕಾಕಾ ಎಲ್ಲ ಕೂತು ಯೋಚಿಸುತ್ತಿದ್ದೀರಿ. ಆ ಹುಡುಗಿಯನ್ನು ಯಾರಾದರೂ ಕೇಳಿದ್ದೀರಾ? ವೇಲ್ ಅವಳದು ತಾನೇ. ಅಷ್ಟು ವರ್ಷ ಕೊಡುತ್ತಾ ಬಂದವಳಿಗೆ ನಿಮ್ಮೆಲ್ಲರಿಗಿಂತ ಮೊದಲೇ ವಿಷಯ ಗೊತ್ತಿರಬಹುದು. ಇವತ್ತೇ ಕರೆದು ಕೂರಿಸಿ ಕೇಳಿ, ಅವಳು ಏನಂದಳು ಅಂತ ನನಗೂ ಬರೆಯಿರಿ.