ರಿಡ್ಜ್ ವೈನರಿಗೆ ಬೆಟ್ಟ ಹತ್ತಬೇಕಾ, ನಾಪಾಗೇ ಹೋಗಬೇಕಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೀರಿ, ವೈನ್‌ಗೆ ಹೆಸರಾದ ನಾಪಾ ಕಣಿವೆ ನೋಡಬೇಕು ಅಂತ ನಿಮಗೆ ಆಸೆ, ಅಳಿಯ ಮಾತ್ರ ‘ನಾಪಾ ಬೇಡ ಮಾವ, ಇಲ್ಲೇ ಕ್ಯುಪರ್ಟಿನೊ ಬೆಟ್ಟದ ಮೇಲೆ ರಿಡ್ಜ್ ಇದೆ’ ಅನ್ನುತ್ತಿದ್ದಾರೆ. ಆ ರಿಡ್ಜ್‌ನಲ್ಲಿ ಅಂಥದ್ದೇನಿದೆ, ಒಂದು ಬಾಟಲಿಗೆ 200 ಡಾಲರ್‌ಗಿಂತ ಜಾಸ್ತಿ ಕೊಡುವುದು ಯಾಕೆ, ಅಥವಾ ಅಳಿಯ ಸುಮ್ನೆ ಪೆಟ್ರೋಲ್ ಉಳಿಸುತ್ತಿದ್ದಾರಾ ಅಂತ ಕೇಳಿದ್ದೀರಿ.

ಪೆಟ್ರೋಲ್ ಉಳಿಸುತ್ತಿದ್ದರೂ ಇರಬಹುದು. ಆದರೂ ಈ ಸಲ ಅಳಿಯನ ಮಾತು ಕೇಳಿ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ವೈನ್ ಪಂಡಿತ ಅಲ್ಲ. ಇಲ್ಲಿ ಸಾಫ್ಟ್‌ವೇರ್ ಕೆಲಸ, ಊರು ವಿಜಯಪುರದ ಕಡೆ, ಮನೆಯಲ್ಲಿ ದ್ರಾಕ್ಷಿ ತೋಟ. ಅಂದರೆ ಕುಡಿಯುವ ದ್ರಾಕ್ಷಿ ಅಲ್ಲ, ಒಣಗಿಸುವ ದ್ರಾಕ್ಷಿ, ಥಾಮ್ಸನ್ ತಳಿ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು, ಮಧ್ಯೆ ಔಷಧಿ ಹೊಡೆಯುವುದು, ಮೋಡ ಕಂಡರೆ ಎದೆ ಢವಢವ. ಹಾಗಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ‘ರಿಡ್ಜ್’ ಅಂದಾಗ ನನಗೆ ನೆನಪಾದದ್ದು ಡಾಗ್‌ರಿಡ್ಜ್. ನಮ್ಮ ಕಡೆ ದ್ರಾಕ್ಷಿ ಕಸಿ ಕಟ್ಟುವುದು ಅದರ ಬೇರಿನ ಮೇಲೆಯೇ. ಈ ರಿಡ್ಜ್ ಬೇರೆ. ಬೆಟ್ಟದ ಏಣು ಅನ್ನುವ ಅರ್ಥದ ರಿಡ್ಜ್. ಆ ಏಣಿನ ಹೆಸರು ಮಾಂಟೆ ಬೆಲ್ಲೊ, ಇವರ ದೊಡ್ಡ ವೈನ್‌ನ ಹೆಸರೂ ಅದೇ.

ಜಾಗದ ಕಥೆ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಸಿಯಾ ಪೆರೋನೆ ಅಂತ ಒಬ್ಬ ಇಟಾಲಿಯನ್ ವೈದ್ಯರು ಇದ್ದರು. 1885ರಲ್ಲಿ ಈ ಬೆಟ್ಟದ ತುದಿಯ ಹತ್ತಿರ 180 ಎಕರೆ ಕೊಂಡರು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಬಳ್ಳಿ ಹಾಕಿಸಿದರು, ಅಲ್ಲಿಯದೇ ಸುಣ್ಣಕಲ್ಲಿನಲ್ಲಿ ವೈನರಿ ಕಟ್ಟಿಸಿದರು. 1892ರಲ್ಲಿ ಮೊದಲ ವೈನ್ ಬಂತು. ಆಮೇಲೆ ಅಮೆರಿಕದಲ್ಲಿ ಪಾನನಿಷೇಧ ಬಂತು, ಬೆಟ್ಟದ ತೋಟಗಳೆಲ್ಲ ಪಾಳು ಬಿದ್ದವು. 1940ರ ದಶಕದಲ್ಲಿ ವಿಲಿಯಂ ಶಾರ್ಟ್ ಅನ್ನುವ ಧರ್ಮಶಾಸ್ತ್ರದ ಪಂಡಿತರು ಪೆರೋನೆ ಜಾಗಕ್ಕಿಂತ ಸ್ವಲ್ಪ ಕೆಳಗಿದ್ದ ಒಂದು ಪಾಳು ವೈನರಿ ಕೊಂಡು, ಕೆಲವು ತುಂಡು ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಕೆಂಪು ವೈನಿನ ದ್ರಾಕ್ಷಿ ನೆಟ್ಟರು.

ಈಗ ನಿಮ್ಮ ಅಳಿಯನಿಗೆ ಇಷ್ಟ ಆಗುವ ಭಾಗ. 1959ರಲ್ಲಿ ಆ ಜಾಗ ಕೊಂಡವರು ಡೇವ್ ಬೆನ್ನಿಯನ್ ಮತ್ತು ಮೂವರು ಜೊತೆಗಾರರು. ನಾಲ್ವರೂ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸಕ್ಕಿದ್ದವರು! ಅವರಲ್ಲಿ ಚಾರ್ಲಿ ರೋಸೆನ್ ಅನ್ನುವವರು ಆ ಸಂಸ್ಥೆಯ ಕೃತಕ ಬುದ್ಧಿಮತ್ತೆ ಕೇಂದ್ರ ಕಟ್ಟಿದವರು. ಸುತ್ತ ಏನಿದೆ ಅಂತ ನೋಡಿ, ತಾನೇ ಲೆಕ್ಕ ಹಾಕಿ ಓಡಾಡುತ್ತಿದ್ದ ‘ಶೇಕಿ’ ರೋಬೋ ಹುಟ್ಟಿದ್ದು ಅವರ ತಂಡದಲ್ಲಿ. ಇನ್ನೊಬ್ಬರು ಹ್ಯೂ ಕ್ರೇನ್, ಅವರೂ ಕಂಪ್ಯೂಟರ್ ಮನುಷ್ಯ. ವಾರವೆಲ್ಲ ಲ್ಯಾಬು, ಶನಿವಾರ ಭಾನುವಾರ ಹೆಂಡತಿ ಮಕ್ಕಳ ಜೊತೆ ಬೆಟ್ಟದಲ್ಲಿ ಕಳೆ ಕೀಳುವುದು, ಹಣ್ಣು ಕೊಯ್ಯುವುದು. ಇಂದಿನ ಸಿಲಿಕಾನ್ ವ್ಯಾಲಿಯ ಎಂಜಿನಿಯರು ಊರಲ್ಲಿ ಎರಡು ಎಕರೆ ತೆಗೆದುಕೊಂಡು ‘ಸಾವಯವ ಮಾಡ್ತೀನಿ’ ಅನ್ನುತ್ತಾನಲ್ಲ, ಅವನ ಮೂಲಪುರುಷರು ಇವರೇ ಅಂತ ನನಗೆ ಅನ್ನಿಸುತ್ತದೆ. ವ್ಯತ್ಯಾಸ ಅಂದರೆ ಇವರು ಬಿಟ್ಟು ಓಡಲಿಲ್ಲ.

1959ರಲ್ಲಿ ಬೆನ್ನಿಯನ್ ಮನೆಮಟ್ಟಿಗೆ ಅಂತ ಸ್ವಲ್ಪ ವೈನ್ ಮಾಡಿದರು. ಅದು ಎಷ್ಟು ಚೆನ್ನಾಗಿ ಬಂತು ಅಂದರೆ 1962ರ ಹೊತ್ತಿಗೆ ಲೈಸೆನ್ಸ್ ಮಾಡಿಸಿ ಮಾರಾಟದ ವೈನ್‌ಗೇ ಇಳಿದರು. ಹತ್ತು ವರ್ಷ ಕಳೆದ ಬಳ್ಳಿಯ ಹಣ್ಣು, ಇವರ ಅತಿಯಾಗಿ ಕೈ ಹಾಕದ ಸ್ವಭಾವ, ಎರಡೂ ಕೂಡಿ ಬಂದದ್ದು ಅಂತ ಕಾಣುತ್ತದೆ. 1969ರಲ್ಲಿ ಪಾಲ್ ಡ್ರೇಪರ್ ಬಂದು ಸೇರಿದರು. ಅವರು ಓದಿದ್ದು ತತ್ವಶಾಸ್ತ್ರ. ವೈನ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಚಿಲಿ ದೇಶದಲ್ಲಿ ಗೆಳೆಯನ ಜೊತೆ ವೈನ್ ಮಾಡುತ್ತಾ ಕಲಿತವರು. 19ನೇ ಶತಮಾನದ ಹಳೆ ಪುಸ್ತಕ ಓದಿ, ಯಂತ್ರ ರಾಸಾಯನಿಕ ಬರುವ ಮೊದಲು ಹೇಗೆ ಮಾಡುತ್ತಿದ್ದರೋ ಹಾಗೇ ಮಾಡೋಣ ಅಂದವರು. 2016ರಲ್ಲಿ ನಿವೃತ್ತರಾಗುವವರೆಗೆ ಅದನ್ನೇ ಮಾಡಿದರು. ಮಧ್ಯೆ 1986ರಲ್ಲಿ ಮಾಲೀಕತ್ವ ಜಪಾನಿನ ಒಟ್ಸುಕಾ ಔಷಧ ಕಂಪನಿಯವರಿಗೆ ಹೋಯಿತು, ಆದರೆ ಕೆಲಸದ ರೀತಿ ಬದಲಾಗಲಿಲ್ಲ. ಇದೇ ನನಗೆ ಜಾಸ್ತಿ ಆಶ್ಚರ್ಯ.

ಇನ್ನು ರಿಡ್ಜ್ ಹೆಸರುವಾಸಿಯಾದದ್ದು ಹೇಗೆ. ಪ್ಯಾರಿಸ್ ಪಂದ್ಯದ ಕಥೆ ನೀವು ಕೇಳಿರಬಹುದು. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವೈನ್ ವ್ಯಾಪಾರಿ ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರನ್ನು ಕೂರಿಸಿ, ಹೆಸರು ಮುಚ್ಚಿ, ಫ್ರೆಂಚ್ ವೈನ್ ಮತ್ತು ಕ್ಯಾಲಿಫೋರ್ನಿಯಾ ವೈನ್ ಎರಡನ್ನೂ ರುಚಿ ನೋಡಿಸಿದರು. ಬಿಳಿಯಲ್ಲಿ ನಾಪಾದ ಶಾಟೊ ಮಾಂಟೆಲೇನಾ, ಕೆಂಪಿನಲ್ಲಿ ನಾಪಾದ ಸ್ಟ್ಯಾಗ್ಸ್ ಲೀಪ್ ಮೊದಲು ಬಂದವು. ನಾಪಾ ರಾತ್ರೋರಾತ್ರಿ ಜಗತ್ತಿಗೆ ಗೊತ್ತಾಯಿತು. ಆ ಕೆಂಪು ಪಟ್ಟಿಯಲ್ಲಿ ಇವರ 1971ರ ಮಾಂಟೆ ಬೆಲ್ಲೊ ಇತ್ತು, ಐದನೇ ಸ್ಥಾನ. ಎರಡು, ಮೂರು, ನಾಲ್ಕು ಫ್ರಾನ್ಸಿನವು. ಐದನೆಯವನ ಫೋಟೊ ಯಾರು ಹಾಕುತ್ತಾರೆ ಹೇಳಿ.

ಫ್ರೆಂಚರು ಅದಕ್ಕೊಂದು ಸಮಜಾಯಿಷಿ ಕೊಟ್ಟರು. ನಮ್ಮ ವೈನ್ ಎಳೆಯದು, ಅದು ಪಕ್ವವಾಗಲು ಕಾಲ ಬೇಕು, ಕ್ಯಾಲಿಫೋರ್ನಿಯಾದ್ದು ಬೇಗ ರುಚಿ ಕೊಡುತ್ತೆ, ಬೇಗ ಸಾಯುತ್ತೆ, ಕಾದು ನೋಡಿ ಅಂದರು. ಸರಿ, ಕಾದರು. ಮೂವತ್ತು ವರ್ಷ. 2006ರಲ್ಲಿ ಅದೇ ಮೇ 24ಕ್ಕೆ ಅದೇ ಹತ್ತು ಕೆಂಪು ವೈನ್‌ಗಳನ್ನು ಲಂಡನ್‌ನಲ್ಲೂ ನಾಪಾದಲ್ಲೂ ಮತ್ತೆ ತೆರೆದರು. ಮೊದಲ ಐದು ಸ್ಥಾನವೂ ಕ್ಯಾಲಿಫೋರ್ನಿಯಾದ್ದೇ. ಎಲ್ಲಕ್ಕಿಂತ ಮೇಲೆ ಬಂದದ್ದು, ಎರಡೂ ಊರಲ್ಲಿ, ರಿಡ್ಜ್‌ನ 1971ರ ಮಾಂಟೆ ಬೆಲ್ಲೊ. ಮೂವತ್ತೈದು ವರ್ಷದ ಹಳೆ ವೈನ್. ಓಟದ ಪಂದ್ಯದಲ್ಲಿ ಐದನೆಯವನಾಗಿ ಬಂದು, ಉಳಿದವರೆಲ್ಲ ಏದುಸಿರು ಬಿಡುತ್ತಾ ಕೂತ ಮೇಲೂ ಓಡುತ್ತಲೇ ಇದ್ದ ಹಾಗೆ.

ಹಾಗಾದರೆ ಆ ತ್ರಾಣ ಎಲ್ಲಿಂದ ಬಂತು? ನನ್ನ ತಿಳಿವಳಿಕೆಯಲ್ಲಿ ಅರ್ಧ ನೆಲ, ಅರ್ಧ ಚಳಿ. ತೋಟ ಸಮುದ್ರಮಟ್ಟದಿಂದ ಸುಮಾರು 1,300 ಅಡಿಯಿಂದ 2,700 ಅಡಿವರೆಗೆ ಹಬ್ಬಿದೆ. ಪಕ್ಕದಲ್ಲೇ ಸ್ಯಾನ್ ಆಂಡ್ರಿಯಾಸ್ ಬಿರುಕು, ಭೂಕಂಪದ್ದು. ಆಚೆ ಬದಿ ಪೆಸಿಫಿಕ್ ಸಾಗರದ ತಂಗಾಳಿ. ಕ್ಯಾಲಿಫೋರ್ನಿಯಾದಲ್ಲಿ ಅಪರೂಪವಾದ ಸುಣ್ಣಕಲ್ಲು ಅಡಿಯಲ್ಲಿದೆ. ಬಿಸಿಲಿನ ನಾಪಾದಲ್ಲಿ ಹಣ್ಣು ಬೇಗ ಸಿಹಿ ಏರುತ್ತದೆ, ಆ ಸಿಹಿಯೇ ಆಲ್ಕೋಹಾಲ್ ಆಗುವುದರಿಂದ ವೈನ್ ಬಲವಾಗುತ್ತದೆ, ಅಲ್ಲಿ 14.5 ಪರ್ಸೆಂಟ್ ದಾಟುವುದು ಮಾಮೂಲು. ಇಲ್ಲಿ ಹಣ್ಣು ನಿಧಾನ. ಹುಳಿ ಉಳಿಯುತ್ತದೆ, ಆಲ್ಕೋಹಾಲ್ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಹುಳಿ ಮತ್ತು ಒಗರೇ ವೈನನ್ನು ವರ್ಷಗಟ್ಟಲೆ ಹಿಡಿದಿಡುವುದು. ಉಪ್ಪಿನಕಾಯಿ ಭರಣಿಯಲ್ಲಿ ಉಪ್ಪು, ಹುಳಿ, ಖಾರ ಮಾಡುವ ಕೆಲಸವನ್ನೇ ಇಲ್ಲಿ ಇವೆರಡು ಮಾಡುತ್ತವೆ ಅಂದುಕೊಳ್ಳಿ.

ಇದರ ಇನ್ನೊಂದು ಮುಖ, ಎಳೆಯ ಮಾಂಟೆ ಬೆಲ್ಲೊ ಕುಡಿದರೆ ನಿಮಗೆ ಬೇಜಾರಾಗಬಹುದು. ನನಗಾಯಿತು. ಮೊದಲ ಸಲ ಆಸೆಪಟ್ಟು ಒಂದು ಬಾಟಲಿ ತಂದು, ಅದೇ ವಾರ ತೆಗೆದೆ. ನೇರಳೆ ಹಣ್ಣು ಹತ್ತಿಪ್ಪತ್ತು ಒಟ್ಟಿಗೆ ತಿಂದರೆ ನಾಲಿಗೆ ಹೇಗೆ ಹಿಡಿದುಕೊಳ್ಳುತ್ತೆ, ಹಾಗೆ. ಹೆಂಡತಿ ಒಂದು ಗುಟುಕು ಕುಡಿದು, ‘ಇದಕ್ಕಿಂತ ಆ ದುಡ್ಡಿಗೆ ಬೆಳ್ಳಿ ದೀಪ ಬರ್ತಿತ್ತು’ ಅಂದಳು. ತಪ್ಪು ವೈನ್‌ದಲ್ಲ, ನನ್ನದು. ಅದನ್ನು ಹತ್ತು ಹದಿನೈದು ವರ್ಷ ಕತ್ತಲಲ್ಲಿ ಮಲಗಿಸಬೇಕಿತ್ತು. ಆಮೇಲೆ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಇಪ್ಪತ್ತು ವರ್ಷದ್ದೊಂದು ರುಚಿ ನೋಡಿದೆ. ಒಗರು ಕರಗಿ, ಮಳೆ ಬಿದ್ದ ಮಣ್ಣಿನಂಥ, ಒಣ ಎಲೆಯಂಥ ವಾಸನೆ, ನುಂಗಿದ ಮೇಲೂ ಬಾಯಲ್ಲಿ ತುಂಬಾ ಹೊತ್ತು ಉಳಿಯಿತು. ಅವತ್ತಿಂದ ನಾನು ಬೆಲೆಯ ಬಗ್ಗೆ ಜೋಕ್ ಮಾಡುವುದನ್ನು ಕಡಿಮೆ ಮಾಡಿದ್ದೇನೆ.

ಬೆಲೆ ಯಾಕೆ ಅಷ್ಟು ಅಂದರೆ ಇಳುವರಿ ನೋಡಿ. ಈ ಬೆಟ್ಟದಲ್ಲಿ ಎಕರೆಗೆ ಎರಡು ಟನ್ ಬಂದರೆ ಹೆಚ್ಚು. ನಮ್ಮಪ್ಪ ಎಕರೆಗೆ ಹತ್ತು ಟನ್ ಬರದಿದ್ದರೆ ಎರಡು ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಇಲ್ಲಿ ಒಂದೊಂದು ತುಂಡು ನೆಲದ ಹಣ್ಣನ್ನೂ ಬೇರೆ ಬೇರೆಯಾಗಿ ಹುದುಗು ಬರಿಸುತ್ತಾರೆ, ಆಮೇಲೆ ಯಾವುದು ಯಾವ ನೆಲದ್ದು ಅಂತ ತಿಳಿಯದ ಹಾಗೆ ಮುಚ್ಚಿಟ್ಟು ರುಚಿ ನೋಡಿ, ಒಪ್ಪಿಗೆಯಾದದ್ದನ್ನು ಮಾತ್ರ ಮಾಂಟೆ ಬೆಲ್ಲೊಗೆ ಸೇರಿಸುತ್ತಾರೆ. ಉಳಿದದ್ದು ‘ಎಸ್ಟೇಟ್’ ಅನ್ನುವ ಹೆಸರಲ್ಲಿ ಕಡಿಮೆ ಬೆಲೆಗೆ ಹೋಗುತ್ತದೆ. ಕ್ಯಾಬರ್ನೆ ಜೊತೆಗೆ ಮೆರ್ಲೊ, ಪೆಟಿ ವರ್ಡೊ, ಕ್ಯಾಬರ್ನೆ ಫ್ರಾಂಕ್ ಅನ್ನುವ ಬೇರೆ ದ್ರಾಕ್ಷಿ ತಳಿಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಇಡುವುದು ಅಮೆರಿಕನ್ ಓಕ್ ಮರದ ಪೀಪಾಯಿಯಲ್ಲಿ. ದೊಡ್ಡ ವೈನ್ ಅಂದರೆ ಫ್ರೆಂಚ್ ಓಕೇ ಆಗಬೇಕು ಅಂತ ಎಲ್ಲರೂ ನಂಬಿದ್ದಾಗಲೂ ಇವರು ಹಠ ಬಿಡಲಿಲ್ಲ.

ಲೇಬಲ್ ವಿಷಯ ಹೇಳಲೇಬೇಕು, ನನಗೆ ಇವರ ಮೇಲೆ ಗೌರವ ಬಂದದ್ದೇ ಅಲ್ಲಿಂದ. ಅಮೆರಿಕದಲ್ಲಿ ಬಿಸ್ಕತ್ ಪ್ಯಾಕೆಟ್ ಮೇಲೆ ಒಳಗೇನಿದೆ ಅಂತ ಬರೆಯಬೇಕು, ವೈನ್ ಮೇಲೆ ಬರೆಯಬೇಕಿಲ್ಲ. ಬಣ್ಣ ಬರಲು ದ್ರಾಕ್ಷಿ ಸಾರ, ಹುಳಿಗೆ ಆಮ್ಲದ ಪುಡಿ, ಕೊಂಡು ತಂದ ಯೀಸ್ಟ್, ಏನೇನೋ ಹಾಕಬಹುದು, ಹೇಳಬೇಕಿಲ್ಲ. ಇವರು 2011ರ ಬೆಳೆಯಿಂದ ಎಲ್ಲವನ್ನೂ ಬರೆಯುತ್ತಿದ್ದಾರೆ: ಕೈಯಿಂದ ಕೊಯ್ದ ದ್ರಾಕ್ಷಿ, ತೋಟದಲ್ಲೇ ಇರುವ ಯೀಸ್ಟ್, ಓಕ್, ಕೆಡದಿರಲು ಬೇಕಾದಷ್ಟು ಮಾತ್ರ ಗಂಧಕ. ಬಿಸಿಲು ಜಾಸ್ತಿಯಾಗಿ ಜಿನ್‌ಫ್ಯಾಂಡೆಲ್ ಅನ್ನುವ ಜಾತಿಯ ದ್ರಾಕ್ಷಿ ಹಣ್ಣು ಮುರುಟಿ, ಸ್ವಲ್ಪ ನೀರು ಸೇರಿಸಿದ್ದರೆ ಅದನ್ನೂ ಬರೆಯುತ್ತಾರೆ. ನಮ್ಮೂರ ಹಾಲಿನವನು ಕ್ಯಾನ್ ಮೇಲೆ ‘ಇಂದು ಇಷ್ಟು ನೀರು’ ಅಂತ ಬರೆದುಕೊಂಡು ಬಂದಿದ್ದರೆ ನಮ್ಮಜ್ಜಿ ಅವನಿಗೆ ಹೂವಿನ ಹಾರ ಹಾಕುತ್ತಿದ್ದಳು.

ಜಿನ್‌ಫ್ಯಾಂಡೆಲ್ ಅಂದೆನಲ್ಲ, 200 ಡಾಲರ್ ಕೊಡಲು ಮನಸ್ಸಿಲ್ಲದಿದ್ದರೆ ನೀವು ಕೇಳಬೇಕಾದದ್ದು ಅದನ್ನೇ. ಗೈಸರ್‌ವಿಲ್ ಮತ್ತು ಲಿಟನ್ ಸ್ಪ್ರಿಂಗ್ಸ್ ಅಂತ ಎರಡು. ಬೆಲೆ ಮಾಂಟೆ ಬೆಲ್ಲೊ ಬೆಲೆಯ ಒಂದು ಪಾಲಷ್ಟೆ, ಸದ್ಯಕ್ಕೇ ಕುಡಿಯಬಹುದು. ಗೈಸರ್‌ವಿಲ್ ವೈನನ್ನು 1966ರಿಂದ ಮಾಡುತ್ತಿದ್ದಾರೆ. ಹಣ್ಣು ಬರುವುದು ಉತ್ತರದ ಸೊನೋಮಾದಿಂದ, ನೂರು ವರ್ಷ ದಾಟಿದ ಬಳ್ಳಿಗಳಿಂದ. ಚಪ್ಪರವಿಲ್ಲ, ತಂತಿಯಿಲ್ಲ, ಮೊಣಕಾಲೆತ್ತರದ ದಪ್ಪ ಬೊಡ್ಡೆಯಿಂದ ನಾಲ್ಕು ಕಡೆ ಕೈ ಚಾಚಿದ ಗಿಡಗಳು. ಅದೂ ಒಂದೇ ಜಾತಿ ಅಲ್ಲ. ಜಿನ್‌ಫ್ಯಾಂಡೆಲ್ ನಡುವೆ ಕ್ಯಾರಿನ್ಯಾನ್, ಪೆಟೀಟ್ ಸಿರಾ ಎಲ್ಲ ಕಲೆಸಿ ನೆಟ್ಟಿದ್ದಾರೆ ಆ ಕಾಲದ ರೈತರು. ನಾವು ಜೋಳದಲ್ಲಿ ತೊಗರಿ ಅಕ್ಕಡಿ ಹಾಕುತ್ತೇವಲ್ಲ, ಅದೇ ಬುದ್ಧಿ. ಒಂದು ಕೈ ಕೊಟ್ಟರೆ ಇನ್ನೊಂದು ಹಿಡಿಯಲಿ ಅಂತ. ಅದನ್ನೇ ಒಟ್ಟಿಗೆ ಕೊಯ್ದು ಒಟ್ಟಿಗೆ ವೈನ್ ಮಾಡುತ್ತಾರೆ. ಸಾರು ಖಾರ ಇದ್ದರೂ ಈ ವೈನ್ ಜೊತೆ ಓಡುತ್ತದೆ, ನಾನು ಎಣ್ಣೆಗಾಯಿ ಜೊತೆ ಕುಡಿದಿದ್ದೇನೆ, ಯಾರಿಗೂ ಹೇಳಬೇಡಿ.

ನಾಪಾ ಕೆಟ್ಟದ್ದು ಅಂತಲ್ಲ. ಚೆಂದದ ಕಟ್ಟಡ, ದೊಡ್ಡ ಊಟ, ಫೋಟೊ ಬೇಕು ಅಂದರೆ ಅಲ್ಲಿಗೇ ಹೋಗಿ. ಆದರೆ ನಿಮ್ಮ ಮನೆಯಿಂದ ಹೋಗಿ ಬರುವುದಕ್ಕೆ ಒಂದು ದಿನ ಬೇಕು, ಅದರಲ್ಲಿ ಅರ್ಧ ಟ್ರಾಫಿಕ್. ರಿಡ್ಜ್‌ಗೆ ಸ್ಟೀವನ್ಸ್ ಕ್ಯಾನಿಯನ್ ರಸ್ತೆಯಿಂದ ಬಲಕ್ಕೆ ತಿರುಗಿ ಮಾಂಟೆ ಬೆಲ್ಲೊ ರಸ್ತೆ ಹತ್ತಿದರೆ ನಾಲ್ಕೂವರೆ ಮೈಲಿಯಷ್ಟು. ರಸ್ತೆ ಕಿರಿದು, ತಿರುವು ಜಾಸ್ತಿ, ಎದುರಿಂದ ಸೈಕಲ್‌ನವರು ಬಾಣದ ಹಾಗೆ ಇಳಿಯುತ್ತಿರುತ್ತಾರೆ. ನಿಮ್ಮ ಮನೆಯವರಿಗೆ ಘಾಟಿಯಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಮುಂದಿನ ಸೀಟಿನಲ್ಲಿ ಕೂರಿಸಿ. ಮೇಲೆ ಅರಮನೆ ಏನಿಲ್ಲ, ಮರದ ಹಳೇ ಕಟ್ಟಡ, ಹೊರಗೆ ಮೇಜು, ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಮತ್ತು ಸ್ಯಾನ್ ಹೋಸೆ ಊರು ಹರಡಿಕೊಂಡಿರುತ್ತದೆ. ಮೊದಲೇ ಬುಕ್ ಮಾಡಿಸಿ. ಡ್ರೈವ್ ಮಾಡುವವರು ಕುಡಿಯದೆ ರುಚಿ ಮಾತ್ರ ನೋಡಿ ಉಗುಳಲಿ, ಅದಕ್ಕೆ ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ, ಎಲ್ಲರೂ ಉಗುಳುತ್ತಾರೆ.

ನಮ್ಮಪ್ಪ ಬಂದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಮೊದಲು ಬಳ್ಳಿಯ ಬುಡಕ್ಕೆ ಹೋಗಿ ಮಣ್ಣು ತಿಕ್ಕಿ ನೋಡಿದರು, ಚಾಟ್ನಿ ಹೇಗೆ ಮಾಡಿದ್ದಾರೆ ನೋಡಿದರು, ‘ಕೈ ಚಲೋ ಐತಿ’ ಅಂದರು. ಇಳುವರಿ ಎಷ್ಟು ಅಂತ ಕೇಳಿ ನಾನು ಹೇಳಿದ್ದನ್ನು ನಂಬಲಿಲ್ಲ, ಅಲ್ಲಿನ ಹುಡುಗಿಯನ್ನು ನನ್ನಿಂದಲೇ ಮತ್ತೆ ಕೇಳಿಸಿದರು. ಆಮೇಲೆ ಗ್ಲಾಸಿನಲ್ಲಿ ಒಂದು ಗುಟುಕು ಹಾಕಿಕೊಟ್ಟರು. ಬೇಡವಾದರೆ ಉಗುಳಪ್ಪ ಅಂತ ಪಾತ್ರೆ ತೋರಿಸಿದೆ. ಮುಖ ಕಿವುಚಿಕೊಂಡೇ ಪೂರ್ತಿ ನುಂಗಿದರು.

‘ಎಕರೇಕ ಎರಡ ಟನ್ ಬಂದ ಹಣ್ಣು, ಉಗುಳೂದೇನ್ ಬಂತೋ’ ಅಂದರು.