ಎಲೆ ಚುಕ್ಕೆಗೆ ಯಾವ ಶಿಲೀಂಧ್ರ ಕಾರಣ ಅಂತ ಡಿಎನ್‌ಎ ನೋಡಿ ಹೇಳಬಹುದಾ?

ಹೇಳಬಹುದು. ಆದರೆ ಎಲೆಯ ಚೂರು ಎಲ್ಲಿಂದ ತೆಗೆದಿರಿ ಅನ್ನೋದು ತುಂಬಾ ಮುಖ್ಯ. ಚುಕ್ಕೆಯ ನಡುಭಾಗ ಸತ್ತಿರುತ್ತದೆ. ಕೊಳೆತದ್ದನ್ನು ತಿನ್ನಲು ಬಂದ ಬೇರೆ ಶಿಲೀಂಧ್ರಗಳೇ ಅಲ್ಲಿ ಜಾಸ್ತಿ. ಹಸಿರು, ಕಂದು ಸೇರುವ ಅಂಚಿನಿಂದಲೇ ತೆಗೆಯಿರಿ. ಅದರಲ್ಲಿನ ಶಿಲೀಂಧ್ರವನ್ನು ಅಗರ್ ತಟ್ಟೆಯಲ್ಲಿ (ಆಹಾರ ಬೆರೆಸಿದ ಜೆಲ್ಲಿ ಇರುವ ತಟ್ಟೆ) ಬೆಳೆಸಿ, ಒಂದೇ ಬೀಜಕದಿಂದ (ಸ್ಪೋರ್) ಬೆಳೆದದ್ದರಿಂದ ಡಿಎನ್‌ಎ ತೆಗೆದರೆ ಗೊಂದಲ ಕಡಿಮೆ.

ಆಮೇಲೆ ಪಿಸಿಆರ್ ಅನ್ನೋ ನಕಲು ಮಾಡುವ ವಿಧಾನದಿಂದ, ಐಟಿಎಸ್ ಅನ್ನೋ ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿ ಮಾಡುತ್ತಾರೆ. ಅದು ಸಾಮಾನ್ಯವಾಗಿ 500ರಿಂದ 700 ಡಿಎನ್‌ಎ ಅಕ್ಷರ (ಎ, ಟಿ, ಜಿ, ಸಿ) ಉದ್ದ. ಶಿಲೀಂಧ್ರಗಳ ಬಾರ್‌ಕೋಡ್, ಅಂದರೆ ಗುರುತು ಹಿಡಿಯುವ ತುಣುಕು, ಇದೇ ಆಗಲಿ ಅಂತ 2012ರಲ್ಲಿ ವಿಜ್ಞಾನಿಗಳು ಸೂಚಿಸಿದ್ದರು. ಆ ಅಕ್ಷರಗಳನ್ನು ಓದಿಸಿ, ಜೆನ್‌ಬ್ಯಾಂಕ್ ಅನ್ನೋ ಡಿಎನ್‌ಎ ದಾಖಲೆಗಳ ಸಾರ್ವಜನಿಕ ಸಂಗ್ರಹದಲ್ಲಿ ಹೋಲಿಸುತ್ತಾರೆ.

ಜನ ಎಡವೋದು ಇಲ್ಲೇ. 99% ಹೊಂದಿತು ಅಂತ ಸುಮ್ನೆ ಮೊದಲು ಬಂದ ಹೆಸರು ಬರೆದುಕೊಳ್ಳಬೇಡಿ. ತಪ್ಪು ಹೆಸರಿನ ದಾಖಲೆಗಳೂ ಅಲ್ಲಿವೆ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಗುಂಪಿನಲ್ಲಂತೂ ಹತ್ತಿರದ ಪ್ರಭೇದಗಳ ಐಟಿಎಸ್ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಅಲ್ಲಿ ಪ್ರಭೇದಗಳನ್ನು ಬೇರೆ ಮಾಡಿ ತೋರಿಸುವ ಟಿಇಎಫ್1 ಜೀನ್ ಕೂಡ ಓದಿಸಬೇಕು.

ಇಷ್ಟಾದರೂ ಗೊತ್ತಾಗೋದು ಅಲ್ಲಿ ಯಾರಿದ್ದಾರೆ ಅಂತ ಮಾತ್ರ, ಅಲ್ವಾ? ರೋಗ ತಂದದ್ದು ಅದೇನಾ ಅಂತ ತಿಳಿಯಲು ಅದನ್ನು ಆರೋಗ್ಯವಾಗಿರುವ ಗಿಡಕ್ಕೆ ಹಚ್ಚಿ, ಅದೇ ಚುಕ್ಕೆ ಬರುತ್ತಾ ನೋಡಿ, ಚುಕ್ಕೆಯಿಂದ ಅದೇ ಶಿಲೀಂಧ್ರವನ್ನು ಮತ್ತೆ ಹೊರತೆಗೆಯಬೇಕು.